ಬಿಗಿದ ಮಣಿಕಟ್ಟಿಗೆ ಶಾಖ, ಆಮೇಲೆ ತಂಪು

ಮುಂಗೈ ಮೂಳೆ ಮುರಿದು ಹಾಕಿದ್ದ ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಚೆನ್ನಾಗಿಯೇ ಕೂಡಿತ್ತು, ಆದರೆ ಮಣಿಕಟ್ಟು ಮಾತ್ರ ಹಿಂದಕ್ಕೂ ಮುಂದಕ್ಕೂ ಬಾಗಲೊಲ್ಲದು. ವಾರಗಟ್ಟಲೆ ಅಲುಗಾಡದೆ ಇದ್ದ ಕೀಲಿನ ಸುತ್ತಲಿನ ಪೊರೆ ಮತ್ತು ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಅಸ್ಥಿರಜ್ಜುಗಳು ಕುಗ್ಗಿ ಬಿಗಿಯುವುದು ಸಹಜ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮಗಳ ಜೊತೆಗೆ ಶಾಖವನ್ನೂ ತಂಪನ್ನೂ ನಾನು ಮನೆಯಲ್ಲಿಯೇ ಬಳಸಿದ ಕ್ರಮ ಹೀಗಿತ್ತು.

ಶಾಖ ಕೊಟ್ಟ ಮಾತ್ರಕ್ಕೆ ಕೀಲು ಸಡಿಲವಾಗುವುದಿಲ್ಲ. ಬೆಚ್ಚಗಾದಾಗ ರಕ್ತಸಂಚಾರ ಹೆಚ್ಚುತ್ತದೆ, ಸ್ನಾಯುಗಳ ಬಿಗಿತ ಇಳಿಯುತ್ತದೆ, ಆ ಪೊರೆ, ರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು ಎಳೆತಕ್ಕೆ ಸುಲಭವಾಗಿ ಮಣಿಯುತ್ತವೆ. ಆದರೆ ಅಂಗಾಂಶ ತಣ್ಣಗಾಗುತ್ತಿದ್ದಂತೆ ಈ ಅನುಕೂಲ ಕಳೆದುಹೋಗುವುದರಿಂದ ಆ ಕೆಲವೇ ನಿಮಿಷಗಳಲ್ಲಿ ಕೀಲನ್ನು ಚಾಚಬೇಕು. ಶಾಖ ತೆಗೆದುಕೊಂಡು ಸುಮ್ಮನೆ ಕುಳಿತರೆ ಹಿತವೆನಿಸುತ್ತದೆಯೇ ಹೊರತು ಬಾಗುವಿಕೆ ಹೆಚ್ಚುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಗಲವಾದ ಪಾತ್ರೆಯಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ತುಂಬಿ, ಮೊಣಕೈಯವರೆಗೆ ಕೈಯನ್ನು 15 ನಿಮಿಷ ಮುಳುಗಿಸಿಡುತ್ತಿದ್ದೆ. ನೀರಿನ ಬಿಸಿಯನ್ನು ಮೊದಲು ಪೆಟ್ಟಾಗದ ಕೈಯಿಂದಲೇ ಪರೀಕ್ಷಿಸುತ್ತಿದ್ದೆ. ವಿದ್ಯುತ್ ಶಾಖದ ಪಟ್ಟಿಗಿಂತ ನೀರು ನನಗೆ ಮೇಲೆನಿಸಿದ್ದು, ಅದರೊಳಗೆ ಇರುವಾಗಲೇ ಕೈಯನ್ನು ಆಡಿಸಬಹುದು ಎಂಬ ಕಾರಣಕ್ಕೆ. ಮಣಿಕಟ್ಟಿನ ಮೇಲೆ ಮಾಂಸ ಕಡಿಮೆಯಾದ್ದರಿಂದ ಹೊರಗಿನ ಶಾಖ ಕೀಲಿನವರೆಗೆ ತಲುಪುತ್ತದೆ. ಸೊಂಟದಂತಹ ಆಳದ ಕೀಲುಗಳಿಗೆ ಇಷ್ಟು ಫಲ ನಿರೀಕ್ಷಿಸಲಾಗದು.

ಕೈ ಒರೆಸಿಕೊಂಡ ತಕ್ಷಣ ಅಂಗೈಗಳೆರಡನ್ನೂ ಎದೆಯ ಮುಂದೆ ಜೋಡಿಸಿ, ಹಸ್ತಗಳ ಬುಡ ಬೇರ್ಪಡದಂತೆ ನಿಧಾನವಾಗಿ ಹೊಟ್ಟೆಯ ಕಡೆಗೆ ಇಳಿಸಿ, ಎಳೆತ ತಿಳಿಯುವ ಮಟ್ಟದಲ್ಲಿ 30 ಸೆಕೆಂಡು ಹಿಡಿದು ಬಿಡುತ್ತಿದ್ದೆ. ಜಗ್ಗಿದಂತಹ ನೋವನ್ನು ಸಹಿಸಬಹುದು, ಆದರೆ ಚುಚ್ಚಿದಂತಹ ನೋವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಕುಲುಕುವುದು, ಜರ್ಕ್ ಕೊಡುವುದು ಸಲ್ಲದು.

ತಂಪಿನ ಸರದಿ ಇದಾದ ಮೇಲೆ. ತೆಳುವಾದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಟ್ಟರೆ ನರಗಳ ಸಂವೇದನೆ ನಿಧಾನಗೊಂಡು ನೋವು ತಗ್ಗುತ್ತದೆ, ರಕ್ತನಾಳಗಳು ಕುಗ್ಗಿ ಊತ ಹಿಡಿತದಲ್ಲಿರುತ್ತದೆ, ಹೀಗಾಗಿ ಮರುದಿನದ ವ್ಯಾಯಾಮಕ್ಕೆ ಕೈ ಸಿದ್ಧವಾಗಿರುತ್ತದೆ. ತಂಪಾದ ಅಂಗಾಂಶ ಪೆಡಸಾಗುವುದರಿಂದ ಮಂಜುಗಡ್ಡೆ ಇಟ್ಟ ಬಳಿಕ ಜೋರಾಗಿ ಚಾಚಬಾರದು. ಬಿಸಿ ಮತ್ತು ತಣ್ಣೀರಿನಲ್ಲಿ ಕೈಯನ್ನು ಬದಲಿಸಿ ಮುಳುಗಿಸುವ ವಿಧಾನವನ್ನೂ ನೋಡಿದೆ. ಅದರಿಂದ ನನಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಕೀಲು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯೆನಿಸುವ ದಿನಗಳಲ್ಲಿ ಶಾಖವನ್ನು ಪೂರ್ತಿಯಾಗಿ ಬಿಟ್ಟು ತಂಪನ್ನಷ್ಟೇ ಬಳಸುತ್ತಿದ್ದೆ. ಹೊಸ ಪೆಟ್ಟಿಗೂ ಮೊದಲ ಎರಡು ಮೂರು ದಿನ ಶಾಖ ಕೂಡದು. ಸಕ್ಕರೆ ಕಾಯಿಲೆಯಿಂದಲೋ ನರಗಳ ತೊಂದರೆಯಿಂದಲೋ ಚರ್ಮದ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದೂ ಮಂಜಿನಿಂದ ಹಾನಿಯಾದದ್ದೂ ತಿಳಿಯದಿರಬಹುದು. ಅವರು ವೈದ್ಯರನ್ನು ಕೇಳದೆ ಇವೆರಡನ್ನೂ ಮಾಡಬಾರದು.