ಆ ದಿನ ಗಾಡಿ ನಿಲ್ಲಲಿಲ್ಲ

ನಾನು ಅಡುಗೆಯವನು. ಶಿರಸಿ ತಾಲೂಕಿನ ಒಂದು ಹಳ್ಳಿ ನಮ್ಮದು. ಮದುವೆ, ಉಪನಯನ, ಗೃಹಪ್ರವೇಶ ಏನಿದ್ದರೂ ಪಾತ್ರೆ, ಒಲೆ, ಸಹಾಯಕರ ಸಮೇತ ಹೋಗಿ ಊಟ ಮಾಡಿಕೊಟ್ಟು ಬರುತ್ತೇನೆ. ಘಟ್ಟದ ಮೇಲೆ ಎಷ್ಟು ಕೆಲಸ ಉಂಟೋ ಕೆಳಗೂ ಹೆಚ್ಚುಕಡಿಮೆ ಅಷ್ಟೇ ಉಂಟು. ಕುಮಟಾ, ಗೋಕರ್ಣ, ಹೊನ್ನಾವರ ಅಂದರೆ ದೇವಿಮನೆ ಘಟ್ಟ ಇಳಿಯಬೇಕು. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಬೇರೆಯವರಿಗೆ ಅದು ಒಂದೂವರೆ ತಾಸಿನ ದಾರಿ. ನನ್ನ ಹಳೇ ವ್ಯಾನಿಗೆ ಎಷ್ಟು ತಾಸು ಅಂತ ದೇವಿಗೇ ಗೊತ್ತು.

ವ್ಯಾನು 2008ರದ್ದು, ಪೆಟ್ರೋಲ್. ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಬಿಸಿ ಏರಿದರೆ ಮೀಟರ್ ನೋಡುವುದೇ ಬೇಡ, ಕೂತಲ್ಲೇ ಗೊತ್ತಾಗುತ್ತದೆ. ನಾನು ಅದನ್ನು 2014ರಲ್ಲಿ ಕರಾವಳಿ ಕಡೆಯ ಒಬ್ಬರಿಂದ ತಗೊಂಡೆ. ಕೆಳಗೆ ಹೊಸದಾಗಿ ಕಪ್ಪು ಟಾರು ಬಳಿದಿದ್ದರು. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರಪ್ಪ ಅಂತ ಖುಷಿಪಟ್ಟಿದ್ದೆ. ಎರಡನೇ ಮಳೆಗಾಲಕ್ಕೆ ಟಾರು ಎದ್ದು ಬಂತು. ಒಳಗೆ ತಗಡೇ ಇರಲಿಲ್ಲ, ಇದ್ದದ್ದು ತುಕ್ಕು. ಸಮುದ್ರದ ಉಪ್ಪುಗಾಳಿ ತಿಂದು ಬಿಟ್ಟದ್ದನ್ನು ಟಾರಿನಲ್ಲಿ ಮುಚ್ಚಿದ್ದರು.

ಘಟ್ಟ ಹತ್ತುವಾಗ ಅದು ಬಿಸಿಯಾಗಿ ನಿಲ್ಲುವುದು ನಮಗೆಲ್ಲ ಮಾಮೂಲಿಯಾಗಿತ್ತು. ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದು, ಘಟ್ಟದ ಬುಡದ ಕತಗಾಲ ದಾಟಿ ಹತ್ತಲು ಶುರು ಮಾಡಿದರೆ ಅರ್ಧ ಘಟ್ಟಕ್ಕೆ ಸೀಟು ಕಾವಲಿ. ಬದಿಗೆ ಹಾಕುವುದು. ಅರ್ಧ ತಾಸು ಕಾಯುವುದು. ಹಿಂದೆ ಯಾವಾಗಲೂ ಇರುವ 20 ಲೀಟರಿನ ಕ್ಯಾನು ತೆಗೆದು ರೇಡಿಯೇಟರಿಗೆ ಸುರಿಯುವುದು. ಕ್ಯಾನು ಖಾಲಿಯಾದರೆ ಹಳ್ಳದ ನೀರು. ಒಮ್ಮೆ ಅವಸರದಲ್ಲಿ ಬಿಸಿ ಇರುವಾಗಲೇ ಮುಚ್ಚಳ ತಿರುಗಿಸಿ ಮೊಣಕೈವರೆಗೆ ಸುಟ್ಟುಕೊಂಡಿದ್ದೇನೆ. ಮೂವತ್ತು ವರ್ಷ ಕುದಿಯುವ ಸಾರಿನ ಎದುರು ನಿಂತವನಿಗೆ ಅಷ್ಟು ಬುದ್ಧಿ ಇರಬಾರದೇ?

ಇದರಲ್ಲಿ ಗಾಡಿಯ ತಪ್ಪಿಗಿಂತ ನನ್ನ ತಪ್ಪೇ ಜಾಸ್ತಿ. ಮೆಕ್ಯಾನಿಕ್ ಒಂದು ದಿನ ರೇಡಿಯೇಟರ್ ಬಿಚ್ಚಿ ತೋರಿಸಿದ. ಒಳಗೆ ಕೆಮ್ಮಣ್ಣಿನ ಗಂಜಿ. ವರ್ಷಾನುಗಟ್ಟಲೆ ಹಳ್ಳದ ನೀರು ಕುಡಿಸಿದ ಫಲ. ಕೂಲಂಟ್ ಅಂದರೆ ಬಣ್ಣದ ನೀರು, ದುಡ್ಡು ಹೊಡೆಯುವ ಉಪಾಯ ಅಂತ ತಿಳಿದಿದ್ದೆ. ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವುದೇ ಅದರ ದೊಡ್ಡ ಕೆಲಸವಂತೆ. ಮುಚ್ಚಳದ ರಬ್ಬರ್ ಕೂಡ ಸತ್ತಿತ್ತು. ಅದು ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಒತ್ತಡ ಹಿಡಿದಿಟ್ಟರೆ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಗ್ಯಾಸ್ಕೆಟ್ ಹೋದರೆ ಬೇಗ ಕುದಿದು ಉಕ್ಕುತ್ತದೆ. ಅಡುಗೆಯವನಿಗೆ ಇಷ್ಟು ಹೇಳಿದರೆ ಸಾಕಲ್ವಾ? ಆದರೆ ಹೇಳುವಷ್ಟರಲ್ಲಿ ತಡವಾಗಿತ್ತು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಕಡೆದ ಹಾಗೆ ಬಿಳಿ ನೊರೆ ಕೂತಿತ್ತು. ಅಂದರೆ ಹೆಡ್ ಗ್ಯಾಸ್ಕೆಟ್ ಒಡೆದು ನೀರು ಆಯಿಲಿಗೆ ಸೇರಿದೆ. ಹೆಡ್ ಬಿಚ್ಚಿ, ಮಟ್ಟ ಮಾಡಿಸಿ, ಕೂರಿಸಿದ್ದಾಯಿತು. ಅದು 2022ರ ಮಾತು.

ಮರುವರ್ಷ ಗಾಡಿಗೆ 15 ವರ್ಷ ತುಂಬಿತು. ಆರ್‌ಸಿ ನವೀಕರಣ ಆಗಬೇಕು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಗಿತ್ತು. ಅದರ ಜೊತೆ ತಪಾಸಣೆಗೆ ನಿಲ್ಲಿಸಲಿಕ್ಕೆ ತಳಕ್ಕೆ ವೆಲ್ಡಿಂಗ್, ಪೇಂಟು. ಮಾರಿಬಿಡಲಿಕ್ಕೆ ಅದೇ ಸರಿಯಾದ ಸಮಯವಾಗಿತ್ತು. ನಾನು ಮಾತ್ರ ಇನ್ನೂ ಐದು ವರ್ಷ ಸಿಕ್ಕಿತು ಅಂತ ಹೆಮ್ಮೆಯಿಂದ ಮನೆಗೆ ಬಂದೆ.

ಇಷ್ಟೆಲ್ಲ ಆದರೂ ನನಗೆ ಅದರ ಮೇಲೆ ಸಿಟ್ಟು ಬಂದದ್ದಿಲ್ಲ. ನಿಂತರೆ ನಿಂತಿತು. ಕೆಳಗೆ ಇಳಿದು ಕವಳ ಹಾಕುವುದು, ಹಳೇ ಮದುವೆಗಳ ಕಥೆ ಹೇಳುವುದು. ನಮ್ಮಲ್ಲಿ ಒಬ್ಬ ಅಮ್ಮ ಇದ್ದಾರೆ, ಅರವತ್ತರ ಮೇಲಿನವರು. ಹೋಳಿಗೆಗೆ ಅವರ ಕೈ ಬೇಕೇ ಬೇಕು. ದೇವಿಮನೆ ಬಂತು ಅಂದರೆ ಗಾಡಿ ನಿಲ್ಲಲಿ ಬಿಡಲಿ, ಅವರ ಎಲೆಯಡಿಕೆ ಸಂಚಿ ಬಿಚ್ಚುತ್ತದೆ. ಘಟ್ಟ ಮುಗಿಯುವವರೆಗೆ ಅದೂ ಇದೂ ಮಾತು.

2024ರ ಏಪ್ರಿಲ್. ಯುಗಾದಿ ಕಳೆದಿತ್ತು. ಕುಮಟಾ ಹತ್ತಿರ ಒಂದು ಉಪನಯನ. ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ನಾನು, ಆ ಅಮ್ಮ, ಇನ್ನಿಬ್ಬರು. ಹಿಂದೆ ಕೊಪ್ಪರಿಗೆ, ಕಡಾಯಿ, ಎರಡು ಒಲೆ, ತೆಂಗಿನಕಾಯಿ ಮೂಟೆ. ಅವತ್ತು ಇಂಜಿನ್ ಬಿಸಿಯಾಗುವ ಪ್ರಶ್ನೆಯೇ ಇಲ್ಲ, ಇಳಿಜಾರು ತಾನೆ ಅಂತ ಆರಾಮಾಗಿದ್ದೆ. ನನಗೊಂದು ಕೆಟ್ಟ ಚಟ ಇತ್ತು. ಪೆಟ್ರೋಲ್ ಉಳಿಯುತ್ತದೆ ಅಂತ ಇಳುಕಲಲ್ಲಿ ನ್ಯೂಟ್ರಲ್ ಮಾಡಿ ಬಿಡುವುದು. ಬರೀ ಬ್ರೇಕಿನ ಮೇಲೆ ಇಳಿಸುವುದು.

ನಾಲ್ಕೈದು ತಿರುವು ಆಯಿತು. ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ. ಕಾಲು ಹಾಗೇ ಕೆಳಗೆ ಹೋಯಿತು. ಹಿಟ್ಟಿನೊಳಗೆ ಕಾಲಿಟ್ಟ ಹಾಗೆ. ಮತ್ತೆ ಒತ್ತಿದೆ, ಮತ್ತೆ ಅದೇ. ಎರಡನೇ ಗೇರ್ ಹಾಕಿದೆನೋ ತುರುಕಿದೆನೋ, ಇಂಜಿನ್ ಕಿರುಚಿತು. ಹ್ಯಾಂಡ್‌ಬ್ರೇಕ್ ಎಳೆದೆ. ಎಡಕ್ಕೆ ಧರೆ, ಬಲಕ್ಕೆ ಏನೂ ಇಲ್ಲ. ಧರೆಗೆ ತಿಕ್ಕಿಕೊಂಡು, ಚರಂಡಿಗೆ ಎಡಗಾಲಿ ಇಳಿದು ಗಾಡಿ ನಿಂತಿತು. ಹಿಂದಿನ ಕೊಪ್ಪರಿಗೆ ಜಾರಿ ಬಂದು ನಮ್ಮ ಸೀಟಿಗೆ ಢಣ್ ಅಂತ ಬಡಿಯಿತು. ಆ ಶಬ್ದ ಈಗಲೂ ಕಿವಿಯಲ್ಲಿದೆ.

ಯಾರಿಗೂ ಏನೂ ಆಗಲಿಲ್ಲ. ಅರ್ಧ ತಾಸು ಬಿಟ್ಟು ಒತ್ತಿದರೆ ಬ್ರೇಕ್ ಸರಿಯಾಗೇ ಹಿಡಿಯಿತು, ಏನೂ ನಡೆದೇ ಇಲ್ಲ ಎಂಬಂತೆ. ಹಾಲಿನ ಗಾಡಿಯವರು ಎತ್ತಿಸಿಕೊಟ್ಟರು. ಒಂದನೇ ಗೇರಿನಲ್ಲಿ ಇಳಿದೆವು. ಅಮ್ಮ ಮಾತಾಡಲಿಲ್ಲ. ಸಂಚಿಯನ್ನೂ ಬಿಚ್ಚಲಿಲ್ಲ. ಕತಗಾಲಕ್ಕೆ ಬಂದ ಮೇಲೆ ಒಂದೇ ಮಾತು ಹೇಳಿದರು: "ಮುಂದಿನ ಸಲಿಂದ ಆನು ಬಸ್ಸಿಗೆ ಬತ್ತಿ." ಸಿಟ್ಟಿಲ್ಲ, ದೂರಿಲ್ಲ. ಹೋಳಿಗೆಗೆ ಕಣಕ ಸಾಕೋ ಬೇಕೋ ಅಂತ ಹೇಳುವ ಧ್ವನಿಯಲ್ಲೇ ಹೇಳಿದರು. ನನಗೆ ಗಾಡಿ ಮುಗಿದದ್ದು ಅಲ್ಲಿಗೆ. ಹತ್ತು ವರ್ಷ ನಿಂತು ನಿಂತು ಗೋಳು ಹೊಯ್ದುಕೊಂಡದ್ದನ್ನು ನಕ್ಕು ಸಹಿಸಿದ್ದೆ. ನಿಲ್ಲದೆ ಹೋದ ಒಂದು ನಿಮಿಷವನ್ನು ಸಹಿಸಲಿಕ್ಕೆ ಆಗಲಿಲ್ಲ.

ಕಾರಣ ಮೆಕ್ಯಾನಿಕ್ ಹೇಳಿದ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದಿಲ್ಲವೇ, ಹಾಗೆ. ಡಾಟ್ 3 ಅನ್ನುವ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ 140ರ ಹತ್ತಿರವೇ ಕುದಿಯಬಹುದು. ಘಟ್ಟದಲ್ಲಿ ಬ್ರೇಕ್ ಒತ್ತಿಯೇ ಇದ್ದರೆ ಅಷ್ಟು ಬಿಸಿ ಏರುವುದು ದೊಡ್ಡದಲ್ಲ. ಕುದಿದರೆ ಒಳಗೆ ಹಬೆ. ಹಬೆಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಆರಿದ ಮೇಲೆ ಮತ್ತೆ ಸರಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಂತೆ. ನಾನು ಹತ್ತು ವರ್ಷದಲ್ಲಿ ಕಡಿಮೆಯಾದಾಗ ಮೇಲಿಂದ ಮೇಲೆ ತುಂಬಿಸಿದ್ದೆ ಅಷ್ಟೇ. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಅನ್ನುವ ಮಾತನ್ನು ಲಾರಿ ಡ್ರೈವರುಗಳ ಬಾಯಲ್ಲಿ ನೂರು ಸಲ ಕೇಳಿದ್ದೆ. ಕೇಳಿದ್ದೆ ಅಷ್ಟೇ.

ಆಯಿಲ್ ಬದಲಾಯಿಸಿದರೆ ಗಾಡಿ ಇನ್ನೂ ಓಡುತ್ತಿತ್ತು. ನಿಜ. ಆದರೆ ಆ ರಾತ್ರಿ ನನ್ನ ಲೆಕ್ಕದ ಪಟ್ಟಿ ತೆಗೆದು ಕೂತೆ. ಹಿಂದಿನ ಪುಟಗಳಲ್ಲಿ ರಿಪೇರಿ ಖರ್ಚು ಬರೆದಿಡುತ್ತಿದ್ದೆ. ಹದಿನಾರು ತಿಂಗಳಲ್ಲಿ 61,000ದ ಮೇಲೆ ಹೋಗಿತ್ತು. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಮುಂದಿನ ಪುಟಗಳಲ್ಲಿತ್ತು. ಫೋನ್ ಬಂದ ಕೆಲಸಗಳನ್ನೆಲ್ಲ ಬರೆದು, ಒಪ್ಪದ್ದಕ್ಕೆ ಗೀಟು ಹಾಕುವುದು ನನ್ನ ಕ್ರಮ. ಅದೇ ಹದಿನಾರು ತಿಂಗಳಲ್ಲಿ ಗೀಟು ಹಾಕಿದ್ದು ಒಂಬತ್ತು. ಒಂಬತ್ತೂ ಘಟ್ಟದ ಕೆಳಗಿನವು. "ಆ ದಿನ ಬೇರೆ ಕಡೆ ಒಪ್ಪಿದ್ದೇನೆ" ಅಂತ ಎಲ್ಲರಿಗೂ ಸುಳ್ಳು ಹೇಳಿದ್ದೆ. ಹೆದರಿಕೆ ಅಂತ ನನಗೇ ಹೇಳಿಕೊಂಡಿರಲಿಲ್ಲ. ರಿಪೇರಿ ಬಿಲ್ಲಿಗಿಂತ ಆ ಗೀಟುಗಳದ್ದೇ ದೊಡ್ಡ ಮೊತ್ತ.

ತಕ್ಷಣ ಗಾಡಿ ತಗೊಳ್ಳಲಿಲ್ಲ. ಇದೊಂದು ಸರಿಯಾದ ಕೆಲಸ ಮಾಡಿದೆ. ಸೀಸನ್ನಿನ ಉಳಿದ ಕೆಲಸಕ್ಕೆಲ್ಲ ಬಾಡಿಗೆ ಗಾಡಿ ಮಾಡಿದೆ. ಒಮ್ಮೆ ದೊಡ್ಡ ವ್ಯಾನು, ಒಮ್ಮೆ ಪಿಕಪ್, ಒಮ್ಮೆ ಮಿನಿ ಟ್ರಕ್ಕು. ಬಾಡಿಗೆ ಕೊಡುವಾಗ ಹೊಟ್ಟೆ ಉರಿಯಿತು. ಆದರೆ ನನಗೆ ಬೇಕಾದದ್ದು ಏನು ಅಂತ ಅದರಲ್ಲೇ ತಿಳಿಯಿತು. ಪಾತ್ರೆಗೆ ಮಿನಿ ಟ್ರಕ್ಕಿನ ತೊಟ್ಟಿ ಸಾಕು. ತೊಂದರೆ ಜನರದ್ದು. ಸರಕಿನ ಗಾಡಿಯ ತೊಟ್ಟಿಯಲ್ಲಿ ಜನ ಕೂರಿಸುವ ಹಾಗಿಲ್ಲ, ಕೂರಿಸುವುದು ನನಗೂ ಇಷ್ಟವಿಲ್ಲ. ಡ್ರೈವರ್ ಪಕ್ಕ ಒಬ್ಬರಿಗೆ ಮಾತ್ರ ಜಾಗ. ಉಳಿದವರು ಬಸ್ಸಿಗೇ ಬರಬೇಕು. ನಮ್ಮ ಸಹಾಯಕರೆಲ್ಲ ಹೆಂಗಸರು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಅವರಿಗೆ ಉಚಿತ. ಹಿಂದಿನ ದಿನ ಸಂಜೆ ಬಸ್ಸಿಗೆ ಕಳಿಸಿ, ಕಾರ್ಯದ ಮನೆಯಲ್ಲೇ ಉಳಿಸಿದರೆ ತರಕಾರಿ ಹೆಚ್ಚುವ ಕೆಲಸವೂ ರಾತ್ರಿಯೇ ಆಯಿತು.

ಇನ್ನೊಂದು ಸತ್ಯ ಹೇಳಬೇಕು. ವ್ಯಾನು ಬಿಳಿ ಬೋರ್ಡು, ಅಂದರೆ ಸ್ವಂತ ಬಳಕೆಯದ್ದು. ಸ್ವಂತ ಪಾತ್ರೆ ತಾನೆ ಅಂತ ಸಮಾಧಾನ ಮಾಡಿಕೊಂಡು ದುಡಿಮೆಗೆ ಓಡಿಸುತ್ತಿದ್ದೆ. ಅವತ್ತು ಹೆಚ್ಚುಕಡಿಮೆ ಆಗಿದ್ದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆಯೇ ಅದು. ಹಳದಿ ಬೋರ್ಡಿಗೆ ಹೆದರುತ್ತಿದ್ದೆ, ಅಷ್ಟು ಹೆದರಬೇಕಾದ್ದೇನೂ ಇಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಕಾರಿನ ಲೈಸೆನ್ಸೇ ಸಾಕು. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ ಮಾತ್ರ ನೆನಪಿಡಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಆಷಾಢದಲ್ಲಿ ಕೆಲಸ ಕಡಿಮೆ. ಹುಡುಕಲು ಹೊರಟೆ. ಹೊಸದಕ್ಕೆ ನನ್ನ ಕೈ ಎಟುಕಲಿಲ್ಲ. ಹಳೆಯದರಲ್ಲಿ ಮೂರು ನೋಡಿದೆ. ಮೊದಲನೆಯದು ಹುಬ್ಬಳ್ಳಿಯಲ್ಲಿ. ಹೊರಗೆ ಮದುಮಗನ ಹಾಗೆ ಹೊಳೆಯುತ್ತಿತ್ತು. ಕೆಳಗೆ ಮಲಗಿ ನೋಡಿದರೆ ಭಾರ ಹೊರುವ ಸ್ಪ್ರಿಂಗ್ ಪ್ಲೇಟುಗಳು ಚಪ್ಪಟೆ, ಅವು ಕೂರುವಲ್ಲಿ ಚಾಸಿಗೆ ವೆಲ್ಡಿಂಗ್. ಕಲ್ಲು ಹೊತ್ತ ಗಾಡಿ. ಎರಡನೆಯದು ಹೊನ್ನಾವರ ಕಡೆಯದು. ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆದು ನೋಡು ಅಂತ ಮೆಕ್ಯಾನಿಕ್ ಹೇಳಿಕೊಟ್ಟಿದ್ದ. ಎಳೆದೆ. ಒಳಗಿನ ಅರ್ಧದಲ್ಲಿ ಮಣ್ಣಿನ ಗೆರೆ. ನೆರೆಯಲ್ಲಿ ಮುಳುಗಿದ್ದು. ಸೀಟ್ ಕವರ್ ಹೊಸದು ಹಾಕಿದವರು ಬೆಲ್ಟು ತೊಳೆಯಲು ಮರೆತಿದ್ದರು! ಕೆಳಗೆ ಹೊಸ ಕಪ್ಪು ಟಾರು ಬೇರೆ. ಅದನ್ನು ನೋಡಿದ ಮೇಲೆ ಚಹಾ ಕೂಡ ಕುಡಿಯದೆ ಬಂದೆ.

ಮೂರನೆಯದು ಶಿರಸಿಯಲ್ಲೇ ಇತ್ತು. 2019ರ ಮಿನಿ ಟ್ರಕ್ಕು, ಬ್ರೆಡ್ಡು ಬನ್ನು ಸಾಗಿಸಿದ್ದು. ತೂಕವೇ ಇಲ್ಲದ ಸರಕು. ಬೆಳಿಗ್ಗೆ ಏಳಕ್ಕೆ, ಇಂಜಿನ್ ತಣ್ಣಗಿರುವಾಗಲೇ ಹೋದೆ. ಇಂಜಿನ್ ಮುಟ್ಟಿ ನೋಡಿದೆ. ನಾವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅರ್ಥ. ತಣ್ಣಗಿತ್ತು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆಯಿಲ್ ಮುಚ್ಚಳದಲ್ಲಿ ಮಜ್ಜಿಗೆ ಇರಲಿಲ್ಲ. ಆಮೇಲೆ ನನ್ನ ಷರತ್ತು ಹೇಳಿದೆ: ನನ್ನ ಪಾತ್ರೆ, ಒಲೆ, ಅಕ್ಕಿ ಮೂಟೆ ಹೇರಿ ಕತಗಾಲದವರೆಗೆ ಇಳಿದು ವಾಪಸ್ ಹತ್ತಬೇಕು, ಪೆಟ್ರೋಲ್ ನನ್ನದು. ಹೊನ್ನಾವರದವರು ಇದೇ ಮಾತಿಗೆ ನಕ್ಕಿದ್ದರು. ಇವರು ಚಾವಿ ಕೊಟ್ಟು "ನಾನೂ ಬರ್ತೇನೆ" ಅಂದರು. ಮಳೆ ಹೊಡೆಯುತ್ತಿತ್ತು. ಎರಡನೇ ಗೇರಿನಲ್ಲಿ ಇಳಿದೆವು, ಎರಡನೇ ಗೇರಿನಲ್ಲೇ ಹತ್ತಿದೆವು. ದೇವಿಮನೆಯಲ್ಲಿ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವಿನಿಂದ ಕದಲಿರಲಿಲ್ಲ.

3,10,000ಕ್ಕೆ ಮಾತಾಯಿತು. ಅರ್ಧ ನನ್ನ ಉಳಿತಾಯ, ಅರ್ಧ ಊರಿನ ಸೊಸೈಟಿ ಸಾಲ. ಆರ್‌ಸಿಯಲ್ಲಿ ಹಳೇ ಫೈನಾನ್ಸ್ ಹೆಸರು ಹಾಗೇ ಇತ್ತು. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಫೈನಾನ್ಸಿನ ಪತ್ರ, ನಮೂನೆ 35 ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಟ್ಟೆ. ನಮೂನೆ 29, 30 ಹಾಕಿ ಹೆಸರು ಬದಲಾಯಿಸಿದ್ದು, 14 ದಿನದೊಳಗೆ ವಿಮೆ ನನ್ನ ಹೆಸರಿಗೆ ಮಾಡಿಸಿದ್ದು, ಎಲ್ಲ ಆಯಿತು. ಎಲ್ಲಕ್ಕಿಂತ ಮೊದಲು ಹಾಕಿಸಿದ್ದು ಹೊಸ ಬ್ರೇಕ್ ಆಯಿಲ್. ತಾರೀಕು ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇನೆ.

ಹಳೇ ವ್ಯಾನನ್ನು ತೋಟದ ಗೊಬ್ಬರ ಹೊರಲು ಒಬ್ಬರು ಕೇಳಿದರು. ನಮೂನೆಗೆ ಬರೀ ಸಹಿ ಹಾಕಿ ಕೊಡಿ, ಹೆಸರು ಆಮೇಲೆ ಬದಲಾಯಿಸೋಣ ಅಂದರು. ಒಪ್ಪಲಿಲ್ಲ. ಅದು ಎಲ್ಲಿ ಯಾರಿಗೆ ಗುದ್ದಿದರೂ ನನ್ನ ಮನೆ ಬಾಗಿಲಿಗೇ ಬರುತ್ತಾರೆ. ಆರ್‌ಸಿ ರದ್ದು ಮಾಡಿಸಿ ಗುಜರಿಗೆ ಕೊಟ್ಟೆ. ಕೊಡುವ ದಿನ ಹೆಂಡತಿ ಒಳಗಿನಿಂದ ನೀರಿನ ಕ್ಯಾನು ತೆಗೆದಿಟ್ಟುಕೊಂಡಳು. ಅದೊಂದು ಚೆನ್ನಾಗಿತ್ತು.

ಅಮ್ಮ ಮಾತ್ರ ಬಸ್ಸನ್ನೇ ಹಿಡಿದರು. ಮುಂದಿನ ಸೀಟು ನಿಮಗೇ ಅಂತ ಎಷ್ಟು ಕರೆದರೂ, ಬಸ್ಸಿಗೆ ದುಡ್ಡಿಲ್ಲ, ಕಿಟಕಿಯೂ ಸಿಗುತ್ತದೆ ಅನ್ನುತ್ತಿದ್ದರು. ಐದಾರು ತಿಂಗಳು ಹೀಗೇ ಹೋಯಿತು. ಒಂದು ದಿನ ಗೋಕರ್ಣದ ಕೆಲಸಕ್ಕೆ ಸಂಜೆಯ ಬಸ್ಸು ತಪ್ಪಿತು. ಬೆಳಗಿನ ಜಾವ ನನ್ನ ಪಕ್ಕ ಹತ್ತಿ ಕೂತರು. ದಾರಿಯ ಬಂಡಲ ಊರಿನವರೆಗೆ ಒಂದೂ ಮಾತಿಲ್ಲ. ದೇವಿಮನೆಯಲ್ಲಿ ಕೈ ಮುಗಿದರು. ಆಮೇಲೆ ಎರಡೂ ಕೈಯಲ್ಲಿ ಎದುರಿನ ಹಿಡಿಕೆ ಹಿಡಿದರು. ನಾನು ಎರಡನೇ ಗೇರಿಗೆ ಹಾಕಿದೆ. ಆ ತಿರುವು ಬಂತು. ಧರೆಗೆ ನಾವು ತಿಕ್ಕಿದ ಗುರುತು ಮಳೆಗೆ ಅಳಿಸಿಹೋಗಿತ್ತು. ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟೆ, ಗಟ್ಟಿಯಾಗಿತ್ತು. ಇನ್ನೆರಡು ತಿರುವು ಇಳಿದ ಮೇಲೆ ಪಕ್ಕದಲ್ಲಿ ಸಂಚಿಯ ದಾರ ಬಿಚ್ಚಿದ ಸದ್ದು ಕೇಳಿತು.