ಪ್ರಾಗ್‌ನಲ್ಲಿ ನಾಲ್ಕು ದಿನ, ಮೈಸೂರಿನ ಟೈಮಲ್ಲಿ

ಬೆಳಿಗ್ಗೆ ಐದೂಕಾಲು. ಚೆಕ್ ದೇಶದ ರಾಜಧಾನಿ ಪ್ರಾಗ್‌ನ ಚಾರ್ಲ್ಸ್ ಸೇತುವೆ ಮೇಲೆ ಅಪ್ಪ, ಅಮ್ಮ, ನಾನು. ಕ್ಯಾಮೆರಾ ಹಿಡಿದು ಬಂದಿದ್ದ ನಾಲ್ಕೈದು ಜನರನ್ನು ಬಿಟ್ಟರೆ 516 ಮೀಟರ್ ಉದ್ದದ ಸೇತುವೆ ಪೂರ್ತಿ ಖಾಲಿ. 2019ರಲ್ಲಿ ಇದೇ ಸೇತುವೆಗೆ ಪ್ಯಾಕೇಜ್ ಟೂರ್‌ನಲ್ಲಿ ಹನ್ನೊಂದು ಗಂಟೆಗೆ ಬಂದಿದ್ದೆ. ಆಗ ನೋಡಿದ್ದು ಮುಂದಿನವರ ಬೆನ್ನು ಮಾತ್ರ. 30 ಪ್ರತಿಮೆಗಳಲ್ಲಿ ಒಂದೂ ನೆನಪಿರಲಿಲ್ಲ. ಈ ಸಲ ಅಮ್ಮ ಒಂದೊಂದರ ಮುಂದೂ ನಿಂತು ನೋಡಿದರು. ಯಾರೂ ತಳ್ಳಲಿಲ್ಲ.

ನಾನು ಮಾಡಿದ್ದು ಇಷ್ಟೇ. ಮೇ ತಿಂಗಳಲ್ಲಿ ಪ್ರಾಗ್ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ನಾಲ್ಕೂವರೆ ಅಂದರೆ ಮೈಸೂರಲ್ಲಿ ಎಂಟು. ದೇಹ ಹೇಗೂ ಮೈಸೂರಿನ ಟೈಮಲ್ಲೇ ಇರುತ್ತದೆ. ಎಲ್ಲರೂ ಅದನ್ನು ಅಲ್ಲಿನ ಟೈಮಿಗೆ ತಿರುಗಿಸೋಕೆ ಒದ್ದಾಡುತ್ತಾರೆ. ನಾನು ತಿರುಗಿಸೋದೇ ಬೇಡ ಅಂದುಕೊಂಡೆ. ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಮನೆ ಬಿಡೋದು, ಹತ್ತೂವರೆ ಹನ್ನೊಂದರೊಳಗೆ ನೋಡೋದನ್ನು ಮುಗಿಸೋದು, ಮನೆಗೆ ಬಂದು ಅನ್ನ ಸಾರು ಮಾಡಿ ಮಲಗೋದು, ಸಂಜೆ ಟ್ರಾಮ್‌ನಲ್ಲಿ ಒಂದು ಸುತ್ತು, ಎಂಟಕ್ಕೆ ನಿದ್ದೆ.

ಯಾರೂ ಒಪ್ಪಲಿಲ್ಲ. ಭಾವ ಫೋನ್ ಮಾಡಿ, "ರಜೆಗೆ ಕರ್ಕೊಂಡು ಹೋಗಿ ವಯಸ್ಸಾದವರನ್ನ ಮೂರೂವರೆಗೆ ಎಬ್ಬಿಸ್ತೀಯಾ?" ಅಂದರು. ಒಬ್ಬ ಟೂರ್ ಏಜೆಂಟ್, "ಒಂದೇ ಊರಿಗೆ ನಾಲ್ಕು ದಿನ ಸುಮ್ನೆ ವೇಸ್ಟು ಸಾರ್, ವಿಯೆನ್ನಾ, ಬುಡಾಪೆಸ್ಟ್ ಸೇರಿಸಿಕೊಡ್ತೀನಿ" ಅಂದರು. ತಲೆಗೆ ಎರಡೂವರೆ ಲಕ್ಷದ ಹತ್ತಿರ ಹೇಳಿದರು. ಅಪ್ಪನಿಗೆ 63, ಅಮ್ಮನಿಗೆ 59, ಅಮ್ಮನಿಗೆ ಮಂಡಿ ನೋವು ಬೇರೆ. ದಿನಕ್ಕೊಂದು ಊರು ಅಂತ ಬಸ್ಸಲ್ಲಿ ಕೂರಿಸೋದು ನನಗೆ ಇಷ್ಟವಿರಲಿಲ್ಲ.

2024ರ ಮೇ ಕೊನೆಯ ವಾರ, ಬುಧವಾರ ಮಧ್ಯಾಹ್ನ ಇಳಿದೆವು. ಅಲ್ಲೇ ಮೊದಲ ಪೆಟ್ಟು ಬಿತ್ತು. ಅಲ್ಲಿ ಬಸ್, ಮೆಟ್ರೊ ಟಿಕೆಟ್ ಕೊಂಡರೆ ಸಾಲದು, ಹಳದಿ ಮೆಷಿನ್‌ಗೆ ಹಾಕಿ ಟೈಮಿನ ಮುದ್ರೆ ಒತ್ತಿಸಬೇಕು. ಇದು ನನಗೆ ಗೊತ್ತಿತ್ತು. ವಿಮಾನ ನಿಲ್ದಾಣದಿಂದ ಬರುವ ಟ್ರಾಲಿಬಸ್ (ಕರೆಂಟ್ ಬಸ್) 59ರಲ್ಲಿ ಸೂಟ್‌ಕೇಸ್ ಹಿಡಿಯೋ ಗಡಿಬಿಡಿಯಲ್ಲಿ ಎರಡು ಟಿಕೆಟ್ ಒತ್ತಿಸಿದೆ, ಮೂರನೆಯದು ಜೇಬಲ್ಲೇ ಉಳಿಯಿತು. ಮೆಟ್ರೊದಲ್ಲಿ ತಪಾಸಣೆಯವರು ಬಂದರು. ಸ್ಥಳದಲ್ಲೇ 1000 ಕೊರುನಾ ದಂಡ, ಹತ್ತಿರಹತ್ತಿರ 3600 ರೂಪಾಯಿ. ಮೂರು ದಿನದ ಟಿಕೆಟ್ಟೇ ಆಗ ಇದ್ದದ್ದು 330 ಕೊರುನಾ ಅಷ್ಟೇ. ಅಪ್ಪನಿಗೆ ಎರಡು ದಿನ ಅದೇ ಕೊರಗು.

ಎರಡನೇ ಪೆಟ್ಟು ದುಡ್ಡು ಬದಲಿಸುವ ಕೌಂಟರ್‌ನಲ್ಲಿ. ಬೋರ್ಡ್ ಮೇಲೆ ದೊಡ್ಡದಾಗಿ ಬರೆದಿದ್ದ ದರ ಬೇರೆ, ಕೈಗೆ ಬಂದ ದರ ಬೇರೆ. 100 ಯೂರೋಗೆ ಐನೂರು ಕೊರುನಾಗಿಂತ ಜಾಸ್ತಿ ಹೋಯಿತು. ಅಲ್ಲಿನ ಕಾನೂನಿನ ಪ್ರಕಾರ ಮೂರು ಗಂಟೆಯೊಳಗೆ ರಸೀದಿ ಹಿಡಿದು ವಾಪಸ್ ಹೋದರೆ ದುಡ್ಡು ತಿರುಗಿ ಕೊಡಬೇಕು. ಇದು ನನಗೆ ಗೊತ್ತಾಗಿದ್ದು ಮಾರನೇ ದಿನ. ನೀವು ರಸೀದಿ ಎಸೆಯಬೇಡಿ.

ಮೂರನೆಯದು ನನ್ನದೇ ತಪ್ಪು. ಅಷ್ಟೆಲ್ಲಾ ಯೋಚನೆ ಮಾಡಿದ್ದವನು ಮೊದಲ ದಿನ ಎಲ್ಲರ ಮಾತು ಕೇಳಿ ಅಪ್ಪ ಅಮ್ಮನನ್ನು ರಾತ್ರಿ ಹತ್ತರವರೆಗೆ ಎಚ್ಚರ ಇರಿಸಿದೆ. ಗುರುವಾರ ಇಬ್ಬರಿಗೂ ತಲೆನೋವು, ಅಮ್ಮನಿಗೆ ವಾಕರಿಕೆ. ಮಧ್ಯಾಹ್ನದವರೆಗೆ ಎಲ್ಲೂ ಹೋಗಲಿಲ್ಲ. ಸಂಜೆ 17ನೇ ನಂಬರಿನ ಟ್ರಾಮ್ ಹತ್ತಿ ವಲ್ಟಾವಾ ನದಿ ದಂಡೆಯಲ್ಲೇ ಹೋಗಿ ಬಂದೆವು. ನ್ಯಾಷನಲ್ ಥಿಯೇಟರ್, ಸೇತುವೆಗಳು, ಆಚೆ ದಡದ ಗುಡ್ಡದ ಮೇಲೆ ಕೋಟೆ, ಎಲ್ಲಾ ಕಿಟಕಿಯಲ್ಲೇ. ದೋಣಿ ವಿಹಾರಕ್ಕೆ ಕೊಡಬೇಕಿದ್ದ ದುಡ್ಡು ಉಳಿಯಿತು. ಕಿಟಕಿ ಯಾವ ಕಡೆಯದು, ಎಷ್ಟು ಗಂಟೆಗೆ ಹತ್ತಬೇಕು ಅಂತ ಕಂಡುಹಿಡಿಯೋಕೆ ನನಗೆ ಮೂರು ಸುತ್ತು ಬೇಕಾಯಿತು. ಅದನ್ನು ನೀವೇ ಹುಡುಕಿಕೊಳ್ಳಿ.

ಅವತ್ತು ಎಂಟು ಗಂಟೆಗೇ ಮಲಗಿಸಿದೆ. ಹೊರಗೆ ಇನ್ನೂ ಬಿಸಿಲು. ಅಲ್ಲಿ ಮೇ ಕೊನೆಗೆ ಸೂರ್ಯ ಮುಳುಗೋದು ಒಂಬತ್ತರ ಹತ್ತಿರ. ಪರದೆ ತೆಳು. ಅಮ್ಮನ ಎರಡು ಹಳೇ ಕಾಟನ್ ಸೀರೆ ಮಡಿಸಿ ಕಿಟಕಿಗೆ ಪಿನ್ ಹಾಕಿದೆ. ಕೋಣೆ ಕತ್ತಲಾಯಿತು, ಇಬ್ಬರೂ ಏಳು ಗಂಟೆ ನಿದ್ದೆ ಮಾಡಿದರು. ನನ್ನ ಪ್ಲ್ಯಾನ್ ನಿಂತಿದ್ದೇ ಈ ಸೀರೆಗಳ ಮೇಲೆ.

ಶುಕ್ರವಾರ ಮೂರೂವರೆಗೆ ಅಲಾರಂ ಇಲ್ಲದೇ ಎದ್ದರು. ಸ್ನಾನ, ಫಿಲ್ಟರ್ ಕಾಫಿ, ಅಪ್ಪನ ಪೂಜೆ. ಸೇತುವೆಗೆ ಬಂದಾಗ ಆಗ ತಾನೆ ಬಿಸಿಲು ಹುಟ್ಟುತ್ತಿತ್ತು. ಈ ಸೇತುವೆಗೆ ಅಲ್ಲಿನ ದೊರೆ ನಾಲ್ಕನೇ ಚಾರ್ಲ್ಸ್ ಕಲ್ಲು ಇಟ್ಟಿದ್ದು 1357ರಲ್ಲಿ, ಒಂಬತ್ತನೇ ತಾರೀಖು, ಏಳನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಅಂತ ಅಲ್ಲಿ ಹೇಳುತ್ತಾರೆ. ಸಾಲಾಗಿ ಬರೆದರೆ 135797531, ಎತ್ತಲಿಂದ ಓದಿದರೂ ಒಂದೇ. ಅಪ್ಪ ಚೀಟಿ ಮೇಲೆ ಬರೆದು ನೋಡಿ, "ಮುಹೂರ್ತ ಇಟ್ಟೇ ಕಟ್ಟಿಸಿದಾನೆ ಕಣೋ" ಅಂದರು. ಗಾರೆಗೆ ಮೊಟ್ಟೆ ಬೆರೆಸಿದ್ದರು ಅನ್ನೋ ಕಥೆಯೂ ಇದೆ. ನಮ್ಮ ಕಡೆ ಹಳೇ ಗೋಡೆಗಳ ಗಾರೆಗೆ ಬೆಲ್ಲ ಹಾಕುತ್ತಿದ್ದರು ಅಂತಾರಲ್ಲ, ಅಮ್ಮನಿಗೆ ಅದು ನೆನಪಾಯಿತು.

ಅಲ್ಲಿಂದ ನಡೆದು ಹಳೇ ಊರಿನ ಚೌಕ. ಅಲ್ಲಿನ ಟೌನ್ ಹಾಲ್ ಗೋಡೆಯಲ್ಲಿರುವ 1410ರ ಖಗೋಳ ಗಡಿಯಾರದ ಕೆಳಗೆ ಆರು ಗಂಟೆಗೆ ಯಾರೂ ಇಲ್ಲ. ಕಿಟಕಿಯಲ್ಲಿ ಗೊಂಬೆಗಳು ಬರೋದು ಒಂಬತ್ತರಿಂದ. ಜನ ಆ ಗೊಂಬೆಗಳಿಗೆ ಕಾಯುತ್ತಾರೆ, ಆದರೆ ನೋಡಬೇಕಾದ್ದು ಗಡಿಯಾರದ ಮುಖವನ್ನು. ಹೊರಗಿನ ಬಳೆಯಲ್ಲಿರುವ ಬಂಗಾರದ ಅಂಕಿಗಳು ಸೂರ್ಯ ಮುಳುಗಿದ ಹೊತ್ತಿನಿಂದ ಗಂಟೆ ಎಣಿಸುತ್ತವೆ, ಹಳೇ ಬೊಹೀಮಿಯಾದ, ಅಂದರೆ ಪ್ರಾಗ್ ಇರುವ ಸೀಮೆಯ, ಲೆಕ್ಕ ಅದು. ಇನ್ನೊಂದು ಲೆಕ್ಕದಲ್ಲಿ ಸೂರ್ಯ ಹುಟ್ಟಿ ಮುಳುಗುವವರೆಗಿನ ಹೊತ್ತನ್ನು ಹನ್ನೆರಡು ಭಾಗ ಮಾಡಿದ್ದಾರೆ. ಬೇಸಿಗೆಯಲ್ಲಿ ಗಂಟೆ ಉದ್ದ, ಚಳಿಗಾಲದಲ್ಲಿ ಗಿಡ್ಡ. "ರಾಹುಕಾಲ ಹೀಗೇ ಅಲ್ವಾ, ನಾವು ಎಂಟು ಭಾಗ ಮಾಡ್ತೀವಿ ಅಷ್ಟೇ" ಅಂದರು ಅಪ್ಪ. ಆಮೇಲೆ ಸೂರ್ಯನ ಮುಳ್ಳು ಮಿಥುನದಲ್ಲಿದೆ ಅಂತ ಕಂಡುಹಿಡಿದರು. ನಮ್ಮ ಪಂಚಾಂಗದಲ್ಲಿ ಅವತ್ತು ಸೂರ್ಯ ಇನ್ನೂ ವೃಷಭದಲ್ಲೇ. ಅಯನಾಂಶದ, ಅಂದರೆ ಅವರ ರಾಶಿ ಲೆಕ್ಕಕ್ಕೂ ನಮ್ಮದಕ್ಕೂ ಇರುವ ಅಂತರದ, ವ್ಯತ್ಯಾಸ ಅಂತ ಅಮ್ಮನಿಗೆ ಅರ್ಧ ಗಂಟೆ ವಿವರಿಸಿದರು. ಹಗಲಿನ ಗುಂಪಿನಲ್ಲಿ ಇದೆಲ್ಲಾ ಆಗುತ್ತಿರಲಿಲ್ಲ. ಟೌನ್ ಹಾಲ್ ಪಕ್ಕದ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ, 1621ರಲ್ಲಿ ಅಲ್ಲಿ ತಲೆ ತೆಗೆಸಿಕೊಂಡವರ, ನೇಣಿಗೇರಿದವರ ಗುರುತು. ಹಗಲು ಅವುಗಳ ಮೇಲೇ ಜನ ನಡೆಯುತ್ತಾರೆ. ನಾವು ಎಣಿಸಿದೆವು.

ಒಂಬತ್ತಕ್ಕೆ ಯಹೂದಿ ಕೇರಿ, ಬಾಗಿಲು ತೆಗೆಯುವ ಹೊತ್ತಿಗೇ. ಮೊದಲ ಪ್ಲ್ಯಾನ್‌ನಲ್ಲಿ ಇದು ಶನಿವಾರ, ಕೋಟೆ ಭಾನುವಾರ ಇತ್ತು. ಎರಡೂ ತಪ್ಪು. ಶನಿವಾರ ಕೇರಿಯ ಮ್ಯೂಸಿಯಂ ಪೂರ್ತಿ ಮುಚ್ಚಿರುತ್ತದೆ, ಭಾನುವಾರ ಕೋಟೆಯ ದೊಡ್ಡ ಚರ್ಚ್ ತೆಗೆಯೋದು ಮಧ್ಯಾಹ್ನ. ಹೊರಡೋ ಹಿಂದಿನ ವಾರ ನೋಡಿಕೊಂಡು ಬದಲಿಸಿದೆ. ಟಿಕೆಟ್ ಆಗ ತಲೆಗೆ ಸುಮಾರು 500 ಕೊರುನಾ ಇತ್ತು. ಪಿಂಕಾಸ್ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರ) ಗೋಡೆಗಳ ತುಂಬ ನಾಜಿಗಳು ಕೊಂದ ಬೊಹೀಮಿಯಾ ಮತ್ತು ಮೊರಾವಿಯಾದ ಯಹೂದಿಗಳ ಹೆಸರುಗಳು, 78 ಸಾವಿರದ ಹತ್ತಿರ. ಮೇಲಿನ ಕೋಣೆಯಲ್ಲಿ ತೆರೆಜಿನ್ ಅನ್ನೋ ನಾಜಿ ಶಿಬಿರದಲ್ಲಿ ಕೂಡಿಹಾಕಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು. ಒಂದು ಚಿಟ್ಟೆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಹಳೇ ಸ್ಮಶಾನಕ್ಕೆ ಬರೋಲ್ಲ ಅಂದರು. ನಾವೂ ಒತ್ತಾಯ ಮಾಡಲಿಲ್ಲ.

ಅಡುಗೆ ವಿಷಯ ಸ್ವಲ್ಪ ಹೇಳಲೇಬೇಕು. ಊರಿಂದ ಚಿಕ್ಕ ಅಲ್ಯೂಮಿನಿಯಂ ಕುಕ್ಕರ್ ಹೊತ್ತುಕೊಂಡು ಹೋಗಿದ್ದೆ. ಮನೆಯಲ್ಲಿ ಇದ್ದದ್ದು ಇಂಡಕ್ಷನ್ ಒಲೆ. ಬಿಸಿಯೇ ಆಗಲಿಲ್ಲ. ಅಲ್ಲೇ ಇದ್ದ ಸ್ಟೀಲ್ ಪಾತ್ರೆಯಲ್ಲಿ ಅನ್ನ ಬಸಿದೆವು. ಇನ್ನೊಂದು ದಿನ ಹಾಲು ಅಂತ ತಂದ ಡಬ್ಬ ಮಜ್ಜಿಗೆ ಆಗಿತ್ತು. ಅಮ್ಮ ಅದಕ್ಕೇ ಶುಂಠಿ, ಇಂಗಿನ ಒಗ್ಗರಣೆ ಹಾಕಿದರು. ಅಲ್ಲಿನ ಬಿಳಿ ಮೊಸರಿಂದ ಹೆಪ್ಪು ಹಾಕಿದ್ದು ಮೊದಲ ಸಲ ಹೊಂದಲಿಲ್ಲ, ಎರಡನೇ ಸಲ ಟೋಪಿಯಲ್ಲಿ ಸುತ್ತಿಟ್ಟೆವು, ಗಟ್ಟಿಯಾಗಿ ಬಂತು. ಬೆಳಗಿನ ತಿಂಡಿ ದಿನಾ ಗೊಜ್ಜವಲಕ್ಕಿ, ಡಬ್ಬಿಯಲ್ಲಿ. ಹೊರಗೆ ತಿಂದದ್ದು ಎರಡೇ ಸಲ, ಬ್ರಾಂಬೊರಾಕ್ ಅನ್ನೋ ಆಲೂಗಡ್ಡೆ ದೋಸೆ. ಅದರಲ್ಲಿ ಮೊಟ್ಟೆ ಇರುತ್ತದೆ, ಅಮ್ಮ ತಿನ್ನಲಿಲ್ಲ.

ಶನಿವಾರ ಕೋಟೆ. ನಾಮ್ಯೆಸ್ತಿ ಮೀರು ಅನ್ನೋ ಚೌಕದ ಹತ್ತಿರ ಮನೆ ಹಿಡಿದಿದ್ದೇ 22ನೇ ಟ್ರಾಮ್ ಬಾಗಿಲಲ್ಲೇ ಸಿಗುತ್ತದೆ ಅಂತ. ಎಲ್ಲರೂ ಕೆಳಗಿನಿಂದ ಮೆಟ್ಟಿಲು ಹತ್ತುತ್ತಾರೆ. ನಾವು ಟ್ರಾಮ್‌ನಲ್ಲೇ ಕೋಟೆಗಿಂತ ಮೇಲಿರುವ ಪೊಹೊರ್ಜೆಲೆಟ್ಸ್ ಸ್ಟಾಪ್‌ಗೆ ಹೋಗಿ, ಲೊರೆಟಾ ಚರ್ಚ್ ದಾಟಿ ಇಳಿಜಾರಲ್ಲಿ ನಡೆದೆವು. ಕೋಟೆ ಅಂಗಳ ಆರಕ್ಕೇ ತೆರೆಯುತ್ತದೆ, ಅದಕ್ಕೆ ಟಿಕೆಟ್ ಇಲ್ಲ. ಮೂರು ಗಂಟೆ ಅಂಗಳ ನಮ್ಮದೇ ಅನ್ನೋ ಹಾಗೆ ಓಡಾಡಿದೆವು. ಕೆಳಗೆ ಊರೆಲ್ಲಾ ಕೆಂಪು ಹೆಂಚು, ಬೆಳಗಿನ ಬಿಸಿಲು. ಒಂದು ಬೆಂಚ್ ಇದೆ, ಆ ನೋಟ ಪೂರ್ತಿ ಅಲ್ಲಿಂದ ಸಿಗುತ್ತದೆ. ಎಲ್ಲಿ ಅಂತ ಹೇಳೋದಿಲ್ಲ.

ಒಂಬತ್ತಕ್ಕೆ ಒಳಗಿನ ಟಿಕೆಟ್, ಆಗ 450 ಕೊರುನಾ ಇತ್ತು. ಸೇಂಟ್ ವಿಟಸ್ ಚರ್ಚ್ ಶುರುವಾಗಿದ್ದು 1344ರಲ್ಲಿ, ಮುಗಿದಿದ್ದು 1929ರಲ್ಲಿ. ಮೊದಲ ಹದಿನೈದು ನಿಮಿಷ ಜನ ಕಡಿಮೆ. ಚೆಕ್ ಚಿತ್ರಕಾರ ಮುಚಾ ಬಣ್ಣ ಹಾಕಿದ ಗಾಜಿನ ಕಿಟಕಿ ಒಳಗೆ ಹೋದ ತಕ್ಷಣ ಎಡಕ್ಕೆ, ಮೊದಲು ಅಲ್ಲಿಗೇ ಹೋಗಿ. ಹಳೇ ಅರಮನೆಯಲ್ಲಿ 1618ರಲ್ಲಿ ದೊರೆಯ ಕಡೆಯ ಮೂವರನ್ನು ಹೊರಗೆ ಎಸೆದ ಕಿಟಕಿ ಇದೆ. ಮೂವರೂ ಬದುಕಿದರು, ಆದರೆ ಅಲ್ಲಿಂದ ಮೂವತ್ತು ವರ್ಷದ ಯುದ್ಧ ಹತ್ತಿಕೊಂಡಿತು.

ಅವತ್ತಿನ ನನ್ನ ತಪ್ಪು ಇಳಿಯೋದರಲ್ಲಿ. ಮೇಲಿಂದ ಕೆಳಕ್ಕೆ ಬಂದರೆ ಸುಲಭ ಅಂತ ಹಳೇ ಕೋಟೆ ಮೆಟ್ಟಿಲಲ್ಲಿ ಕರೆದುಕೊಂಡು ಬಂದೆ. ಮಂಡಿ ನೋವಿಗೆ ಹತ್ತೋದಕ್ಕಿಂತ ಇಳಿಯೋದೇ ಜಾಸ್ತಿ ಕಷ್ಟ. ಅಮ್ಮ ಅರ್ಧದಲ್ಲಿ ಕೂತುಬಿಟ್ಟರು. ಉತ್ತರದ ಬಾಗಿಲಿಂದ ಹೊರಗೆ ಬಂದರೆ ಸಮತಟ್ಟಾಗಿ ನಡೆದು ಅದೇ 22 ಹತ್ತಬಹುದಿತ್ತು. ಮಂಡಿ ನೋವಿರುವವರ ಜೊತೆ ಹೋಗುವವರು ಹಾಗೇ ಮಾಡಿ.

ಆ ಕಾರಣಕ್ಕೆ ಭಾನುವಾರ ಬರೀ ವಿಶೆಹ್ರಾದ್. ಮೆಟ್ರೊ ಇಳಿದು ಸಮತಟ್ಟು ದಾರಿ, ಅಂಗಳಕ್ಕೆ ದುಡ್ಡಿಲ್ಲ, ನದಿಯ ಮೇಲಿನ ಹಳೇ ಕೋಟೆ ಗೋಡೆ. ಎಂಟಕ್ಕೆ ಸ್ಮಶಾನ ತೆಗೆದ ಮೇಲೆ ಚೆಕ್ ಸಂಗೀತಗಾರರಾದ ಡ್ವೊರ್ಜಾಕ್, ಸ್ಮೆತನಾ ಸಮಾಧಿ ನೋಡಿದೆವು. ಅಮ್ಮ ಅದನ್ನೇ ಎಲ್ಲಕ್ಕಿಂತ ಚೆನ್ನಾಗಿತ್ತು ಅಂತಾರೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ವಿಮಾನ ಮೂವರಿಗೆ 1 ಲಕ್ಷ 75 ಸಾವಿರ. ವೀಸಾ, ಇನ್ಶೂರೆನ್ಸ್ 38 ಸಾವಿರದ ಹತ್ತಿರ. ಐದು ರಾತ್ರಿ ಮನೆ ಬಾಡಿಗೆ 49 ಸಾವಿರ. ಓಡಾಟ 5 ಸಾವಿರ, ದಂಡ ಬೇರೆ. ಪ್ರವೇಶ ಟಿಕೆಟ್ 10 ಸಾವಿರ, ಊಟ ತಿಂಡಿಗೂ 10 ಸಾವಿರ. ತಲೆಗೆ ಒಂದು ಲಕ್ಷದ ಒಳಗೇ ಮುಗಿಯಿತು. ಭಾವ ಈಗ ಮುಂದಿನ ಮೇಗೆ ನನ್ನ ಹತ್ತಿರವೇ ಪ್ಲ್ಯಾನ್ ಕೇಳಿದ್ದಾರೆ.

ಅವರು ಮೊದಲು ಡಿಸೆಂಬರ್‌ಗೆ ಹೋಗ್ತೀವಿ ಅಂದಿದ್ದರು, ಬೇಡ ಅಂದೆ. ಆಗ ಅಲ್ಲಿ ಸೂರ್ಯ ಹುಟ್ಟೋದು ಎಂಟರ ಹೊತ್ತಿಗೆ. ನಾಲ್ಕಕ್ಕೆ ಎದ್ದು ಕತ್ತಲಲ್ಲಿ, ಚಳಿಯಲ್ಲಿ ಏನು ನೋಡೋದು? ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಸರಿ. ಸೋಮವಾರ ಹೊರಡೋ ದಿನವೂ ನಾವು ಬಿಡಲಿಲ್ಲ. ವಿಮಾನ ಮಧ್ಯಾಹ್ನ ಇತ್ತು. 40 ಕೊರುನಾ ಟಿಕೆಟ್ ಕೊಂಡು, ಈ ಸಲ ಮೂರನ್ನೂ ಅಪ್ಪನೇ ಒತ್ತಿಸಿದರು, ಲೆತ್ನಾ ಗುಡ್ಡದ ಪಾರ್ಕಿಗೆ ಹೋದೆವು. ಅಲ್ಲಿಂದ ನದಿಯ ಸೇತುವೆಗಳು ಒಂದರ ಹಿಂದೆ ಒಂದು ಕಾಣುತ್ತವೆ. ಫ್ಲಾಸ್ಕಿನಲ್ಲಿದ್ದ ಕೊನೇ ಕಾಫಿಯನ್ನು ಅಲ್ಲೇ ಕುಡಿದು, ಒಂಬತ್ತಕ್ಕೆ ಮನೆಗೆ ಬಂದು, ಕಿಟಕಿಯ ಸೀರೆ ಬಿಚ್ಚಿ ಸೂಟ್‌ಕೇಸ್‌ಗೆ ಹಾಕಿದೆವು.