ಒಂದೂವರೆ ಅಡಿ ನೀರಲ್ಲಿ ದೋಣಿ: ಕೋಲಾರದಲ್ಲಿ ನನ್ನ ಅನುಭವ

ಈ ಬೇಸಿಗೆಯಲ್ಲಿ ನಮ್ಮ ಪಾರ್ಕಿನ ಏಳೂ ದೋಣಿ ಒಂದು ದಿನವೂ ನಿಲ್ಲದೆ ಓಡಿದವು. ಅದಕ್ಕೇ ಈಗ ಬರೆಯುತ್ತಿದ್ದೇನೆ. "ಕುಡಿಯೋಕೆ ಟ್ಯಾಂಕರ್ ತರಿಸೋ ಊರಲ್ಲಿ ನೀನು ದೋಣಿ ಬಿಡ್ತೀಯೇನಪ್ಪಾ?" ಅಂತ ನಮ್ಮ ಸೋದರಮಾವ ಮೂರು ವರ್ಷದ ಹಿಂದೆ ಕೇಳಿದ್ದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಡೋ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು ನಿಜ, ಆದರೆ ಅದು ಕೆರೆ ತುಂಬೋಕೆ, ನನ್ನ ಕಾಲುವೆಗಲ್ಲ.

ನಾನು ವೆಲ್ಡಿಂಗ್ ಕೆಲಸದವನು. ಜಾತ್ರೆಗಳಲ್ಲಿ ಕೊಲಂಬಸ್, ಜಯಂಟ್ ವೀಲ್ ರಿಪೇರಿ ಮಾಡಿ ಕೈ ಪಳಗಿದೆ. ಮುಳಬಾಗಿಲು ರಸ್ತೆ ಕಡೆ ನಮ್ಮ ಒಂದೂವರೆ ಎಕರೆಯಲ್ಲಿ ಮಕ್ಕಳ ಪಾರ್ಕ್ ಹಾಕಿದಾಗ, ಕಾಲುವೆಯಲ್ಲಿ ತಾನೇ ಸಾಗುವ ದೋಣಿ ಬೇಕು ಅನ್ನಿಸಿತು. ಹುಟ್ಟು ಬೇಡ, ದೋಣಿಗೆ ಮೋಟರ್ ಬೇಡ, ನೀರೇ ಒಯ್ಯಬೇಕು. ಬೆಂಗಳೂರಿನ ಒಬ್ಬರು ಸುಮಾರು 40 ಲಕ್ಷ ಹೇಳಿದರು. ನನಗೆ ಎಲ್ಲ ಸೇರಿ 13 ಲಕ್ಷದ ಆಸುಪಾಸು ಬಿತ್ತು. ಅದರಲ್ಲಿ ನಾಲ್ಕು ಲಕ್ಷ ತಪ್ಪು ಮಾಡಿ ಕಳೆದಿದ್ದು.

ಮೊದಲ ತಪ್ಪು ಆಳ. ಕಡಿಮೆ ಅಂದರೂ ಮೂರಡಿ ಬೇಕು ಅಂತ ಎಲ್ಲರೂ ಹೇಳಿದರು. 360 ಅಡಿ ಸುತ್ತು, ನಾಲ್ಕಡಿ ಅಗಲ, ಮೂರಡಿ ಆಳ ಅಂದರೆ 1.2 ಲಕ್ಷ ಲೀಟರ್. ಸಿಮೆಂಟ್ ಗಿಲಾವು ಮಾಡಿಸಿ ಟ್ಯಾಂಕರ್ ಮೇಲೆ ಟ್ಯಾಂಕರ್ ಸುರಿಸಿದೆ. ಏಪ್ರಿಲ್ ಬಿಸಿಲಿಗೆ ಗಿಲಾವು ಬಿರುಕು ಬಿಟ್ಟು ರಾತ್ರಿಗೆ ನಾಲ್ಕೈದು ಇಂಚು ನೀರು ಇಳಿದುಹೋಗುತ್ತಿತ್ತು. ಒಂದು ತಿಂಗಳಿಗೇ ಸುಸ್ತಾದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಫೈಬರ್ ದೋಣಿ ಆರಡಿ ಉದ್ದ, ಮೂರಡಿ ಚಿಲ್ಲರೆ ಅಗಲ. ನಾಲ್ಕು ಜನ ದೊಡ್ಡವರು ಕೂತರೆ ಎಂಟು ಇಂಚು ಮುಳುಗುತ್ತದೆ, ಅಷ್ಟೇ. ಹಾಗಾದರೆ ಮೂರಡಿ ಯಾಕೆ? ಒಂದೂವರೆ ಅಡಿ ಸಾಕಲ್ವಾ? ನೀರು ಅರ್ಧಕ್ಕರ್ಧ ಇಳಿಯಿತು. ಮಗು ಬಿದ್ದರೂ ಜೊತೆಗಿರುವವರು ಎದ್ದು ನಿಂತು ಎತ್ತಿಕೊಳ್ಳಬಹುದು. ಹಾಗಂತ ಕಾವಲು ಬೇಡ ಅಂತಲ್ಲ, ನಮ್ಮಲ್ಲಿ ಎರಡು ಕಡೆ ಹುಡುಗರು ನಿಂತೇ ಇರುತ್ತಾರೆ. ಸಿಮೆಂಟ್ ಬಿಟ್ಟು, ಕೃಷಿ ಹೊಂಡಕ್ಕೆ ಹಾಕುವ 500 ಮೈಕ್ರಾನ್ ಶೀಟ್ ಹಾಸಿದೆ. ದೋಣಿ ಉಜ್ಜಿ ಹರಿಯದ ಹಾಗೆ ಒಳಗಡೆ ನಮ್ಮೂರ ಕಲ್ಲು ಚಪ್ಪಡಿ ನಿಲ್ಲಿಸಿದೆ. ಅವತ್ತಿಂದ ಸೋರಿಕೆ ಇಲ್ಲ.

ಇನ್ನು ನೀರು ಓಡಿಸೋದು. ಇದರಲ್ಲೇ ಜಾಸ್ತಿ ಏಟು ತಿಂದೆ. ಪಂಪ್ ಅಂಗಡಿಯವರು ಐದು ಎಚ್‌ಪಿ ಮಾನೋಬ್ಲಾಕ್ ಕೊಟ್ಟರು. ನಾನು ಅಳೆಯೋಕೆ ಇಟ್ಟುಕೊಂಡಿದ್ದು ಎಳನೀರು ಬುರುಡೆ. ಅದು ಮುಕ್ಕಾಲು ಭಾಗ ಮುಳುಗಿ ತೇಲುತ್ತದೆ, ಗಾಳಿಗೆ ಸಿಗಲ್ಲ, ನೀರು ಹೋದಷ್ಟೇ ಹೋಗುತ್ತದೆ. ಪಂಪ್ ಹಾಕಿ, ಮೊಬೈಲ್ ಹಿಡಿದು ಅದರ ಪಕ್ಕ ನಡೆದೆ. ನಡೆದೆ ಅನ್ನೋದೇ ತಪ್ಪು, ನಿಂತಿದ್ದೆ. ಸೆಕೆಂಡಿಗೆ ಒಂದು ಇಂಚು. ಮಾನೋಬ್ಲಾಕ್ ನೀರನ್ನು ಮೇಲೆ ಎತ್ತೋಕೆ ಇರೋದು. ನನಗೆ ಎತ್ತೋದೇ ಬೇಡ, ಪಕ್ಕಕ್ಕೆ ತಳ್ಳಿದರೆ ಸಾಕು.

1964ರಲ್ಲಿ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಶುರುವಾಗಿ 1966ರಲ್ಲಿ ಡಿಸ್ನಿಲ್ಯಾಂಡ್ ಸೇರಿದ 'ಇಟ್ಸ್ ಎ ಸ್ಮಾಲ್ ವರ್ಲ್ಡ್' ಸವಾರಿ ಇದೆಯಲ್ಲ, ಅದರಲ್ಲಿ ನೀರೊಳಗಿನ ಜೆಟ್‌ಗಳೇ ದೋಣಿ ತಳ್ಳುತ್ತವೆ. ಅದನ್ನು ನೋಡಿ ನಾನೂ ಅದೇ ಪಂಪಿಗೆ ಆರು ನಾಜಲ್ ಕೂರಿಸಿದೆ. ನಾಜಲ್ ಎದುರು ದೋಣಿ ಜೋರಾಗಿ ಮುನ್ನುಗ್ಗುತ್ತಿತ್ತು, ತಿರುವಿಗೆ ಬಂದರೆ ಅಲ್ಲೇ ಗಿರಕಿ. ಕರೆಂಟ್ ಬಿಲ್ ನೋಡಿ ಮನೆಯವಳು ಮಾತು ಬಿಟ್ಟಳು. ಆ ಸೀಸನ್ ಪೂರ್ತಿ ಕಾಲುವೆ ಖಾಲಿ.

ದಾರಿ ಸಿಕ್ಕಿದ್ದು ನೆಲ್ಲೂರಲ್ಲಿ. ಸಂಬಂಧಿಕರ ಮದುವೆಗೆ ಹೋದವನು ಸೀಗಡಿ ಹೊಂಡ ನೋಡಿದೆ. ಗಾಳಿ ಸೇರಿಸೋ ಏರೇಟರ್ ಚಕ್ರಗಳು ಪಟಪಟ ಬಡಿಯುತ್ತಿದ್ದವು, ಇಡೀ ಹೊಂಡದ ನೀರು ಮೆಲ್ಲಗೆ ಸುತ್ತು ಹಾಕುತ್ತಿತ್ತು. ಹೊಂಡದ ಆ ತುದಿಯಲ್ಲಿದ್ದ ಒಂದು ಒಣಗಿದ ಎಲೆ ನನ್ನ ಕಾಲ ಹತ್ತಿರ ಬಂದು ಮತ್ತೆ ಹೊರಟುಹೋಯಿತು. ಊಟಕ್ಕೆ ಕರೆದರೂ ಏಳಲಿಲ್ಲ. ಎರಡು ಎಚ್‌ಪಿ ಏರೇಟರ್ ಒಂದನ್ನು ಹಳೆಯದೇ ಕೊಂಡೆ. ಇಪ್ಪತ್ತೆರಡು ಸಾವಿರವೋ ಏನೋ ಕೊಟ್ಟ ನೆನಪು.

ಚಕ್ರವನ್ನು ದೋಣಿ ದಾರಿಯಲ್ಲಿ ಇಡೋ ಹಾಗಿಲ್ಲ. ಪಕ್ಕದಲ್ಲಿ ಗೂಡು ತೋಡಿ, ಮುಂದೆ ಕಬ್ಬಿಣದ ಜಾಲರಿ ಹಾಕಿ, ಮೇಲೆ ತಗಡು ಮುಚ್ಚಿದೆ. ಮೋಟರ್ ನೀರಿಂದ ಎರಡಡಿ ಮೇಲೆ ಚಪ್ಪಡಿ ಮೇಲಿದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್), ಅರ್ಥಿಂಗ್ ವಿಷಯದಲ್ಲಿ ಒಂದು ರೂಪಾಯಿಯೂ ಉಳಿಸಬೇಡಿ. ಶುರುವಿನಲ್ಲಿ ಗೂಡಿಂದ ಹೊರಬಂದ ನೀರನ್ನೇ ಚಕ್ರ ಹಿಂದಿನಿಂದ ಮತ್ತೆ ಎಳೆದುಕೊಳ್ಳುತ್ತಿತ್ತು. ಅಲ್ಲಲ್ಲೇ ಸುತ್ತು, ದೂರದ ನೀರು ಅಲುಗುತ್ತಲೇ ಇರಲಿಲ್ಲ. ಗೂಡಿನ ಬಾಯಿ ಕಾಲುವೆಗೆ ಸೇರುವ ಕೋನ, ಅದರ ಹಿಂದೆ ಕಾಲುವೆಯನ್ನು ಕಿರಿದು ಮಾಡುವ ಜಾಗ, ಇವೆರಡರಲ್ಲೇ ಎಲ್ಲ ಇದೆ. ಆ ಅಳತೆ ಮಾತ್ರ ಹೇಳಲ್ಲ. ಹನ್ನೊಂದು ಸಲ ಚಪ್ಪಡಿ ಕಿತ್ತು ಕೂರಿಸಿ ಸಿಕ್ಕಿದ್ದು ಅದು.

ಹನ್ನೊಂದನೇ ಸಲ ರಾತ್ರಿ ಒಂಬತ್ತಾಗಿತ್ತು. ಬುರುಡೆ ಬಿಟ್ಟೆ. ಹುಡುಗ ಟಾರ್ಚ್ ಹಿಡಿದು ಮುಂದೆ ಓಡುತ್ತಾ, "ಅಣ್ಣಾ, ತಿರುವು ದಾಟ್ತು! ಎರಡನೇದೂ ದಾಟ್ತು!" ಅಂತ ಕೂಗಿದ. ಸುತ್ತು ಬರೋಕೆ ಆರು ನಿಮಿಷ. ಸೆಕೆಂಡಿಗೆ ಸರಿಯಾಗಿ ಒಂದಡಿ. ಐದು ಎಚ್‌ಪಿಗೆ ಆಗದ್ದು ಎರಡು ಎಚ್‌ಪಿಗೆ ಆಯಿತು. ಈ ಕೆಲಸ ಹೀಗೆ ನಮ್ಮ ಸುತ್ತಮುತ್ತ ಇನ್ನೊಬ್ಬರು ಮಾಡಿದ್ದು ನಾನಂತೂ ನೋಡಿಲ್ಲ.

ತಿರುವಲ್ಲಿ ದೋಣಿ ಸಿಕ್ಕಿಕೊಳ್ಳೋದಕ್ಕೆ, ಅಲ್ಲಿ ಕಾಲುವೆ ಒಂದಡಿ ಅಗಲ ಮಾಡಿ, ದೋಣಿಯ ನಾಲ್ಕು ಮೂಲೆಗೂ ರಬ್ಬರ್ ಚಕ್ರ ಹಾಕಿದೆ. ದುಂಡು ತಳದ ಮೊದಲ ಅಚ್ಚು ಬಿಸಾಕಿದೆ, ಮಕ್ಕಳು ಎದ್ದರೆ ವಾಲುತ್ತಿತ್ತು. ಚಪ್ಪಟೆ ತಳವೇ ಸರಿ.

ಬೇಸಿಗೆಯಲ್ಲಿ ದಿನಕ್ಕೆ ಸಾವಿರ ಲೀಟರ್ ಹತ್ತಿರ ಆವಿಯಾಗುತ್ತಿತ್ತು. ಟೊಮೆಟೊ ನರ್ಸರಿಯವರ ಹಳೆಯ ಶೇಡ್ ನೆಟ್ ತಂದು ಅರ್ಧ ಕಾಲುವೆಗೆ ಸುರಂಗದ ಹಾಗೆ ಕಟ್ಟಿದೆ. ಆರುನೂರಕ್ಕೆ ಇಳಿಯಿತು, ಮಕ್ಕಳಿಗೆ ಆ ಕತ್ತಲೇ ಇಷ್ಟ. ಸೊಳ್ಳೆ ಮರಿ ತಿನ್ನೋಕೆ ಗಪ್ಪಿ ಮೀನು ಬಿಟ್ಟೆ, ಚೆನ್ನಾಗಿವೆ. ಚಕ್ರ ಗಾಳಿ ಸೇರಿಸೋದರಿಂದ ನೀರೂ ವಾಸನೆ ಬರಲ್ಲ. ಮಾರೋಣ ಅಂತ ಇನ್ನೂರು ಕಾಟ್ಲಾ ಮರಿ ಬಿಟ್ಟಿದ್ದೆ, ಬೆಳ್ಳಕ್ಕಿಗಳು ಖಾಲಿ ದೋಣಿ ಮೇಲೆ ಕೂತು ಎಲ್ಲ ಹೆಕ್ಕಿದವು. ಕಾಟ್ಲಾ ಬೇಡ.

ಟಿಕೆಟ್ 50 ರೂಪಾಯಿ. ಭಾನುವಾರ ಹತ್ತಿರ ಹತ್ತಿರ ನಾನೂರು ಜನ ಹತ್ತುತ್ತಾರೆ, ವಾರದ ದಿನ ಐವತ್ತು ಅರವತ್ತು. ಹಾಕಿದ ದುಡ್ಡು ಮುಂದಿನ ಯುಗಾದಿ ಹೊತ್ತಿಗೆ ವಾಪಸ್ ಬರುತ್ತದೆ. ಈಗ ಎರಡನೇ ಏರೇಟರ್ ತಂದು ಇಟ್ಟಿದ್ದೇನೆ. ಗೇರ್‌ಬಾಕ್ಸಿಗೆ ಎರಡು ತಿಂಗಳಿಗೊಮ್ಮೆ ಆಯಿಲ್ ಬದಲಿಸಲೇಬೇಕು. ಒಮ್ಮೆ ಮರೆತು ಬೇರಿಂಗ್ ಹೋಯಿತು, ಆ ಭಾನುವಾರ ಹುಡುಗರು ಸಂಜೆವರೆಗೂ ದಡದ ಮೇಲೆ ನಡೆದು ಹಗ್ಗದಲ್ಲಿ ದೋಣಿ ಎಳೆದರು.